ಬಾನೆಟ್ಟಿನ ಮೇಲಿನ ಅರಿಶಿನದ ಕೈ

ಗಬ್ಬೂರು ತೆರೆಬೀದಿ, ಹುಬ್ಬಳ್ಳಿ
ಎರಡನೇ ಅಧಿಕ ಚೈತ್ರದ ಮೂವತ್ತೆರಡನೇ ದಿನ, ಶಕವರ್ಷ ೨೨೧೪

ಗಬ್ಬೂರು ಬೈಪಾಸಿನ ಬಳಿ ಕಾರಿನ ಗಾಜಿಗೆ ಟಿಂಟ್ ಹಾಕುವ, ಬಣ್ಣದ ಮೇಲೆ ರಕ್ಷಣೆಯ ಫಿಲ್ಮ್ ಹೊದಿಸುವ ಅಂಗಡಿಯವರಿಗೆ ನಮಸ್ಕಾರ.

ಮೇಲೆ ಬರೆದಿರುವ ತಾರೀಖು ತಪ್ಪಲ್ಲ. ನಿಮ್ಮ ಪಂಚಾಂಗದಲ್ಲಿ ಯಾವ ತಿಂಗಳಿಗೂ ಮೂವತ್ತೆರಡನೇ ದಿನ ಇರಲಿಲ್ಲವೆಂದು ಗೊತ್ತು. ನಮ್ಮಲ್ಲಿ ಬೇಸಿಗೆ ಮುಗಿಯುವವರೆಗೆ ಚೈತ್ರ ಮುಗಿಯುವುದಿಲ್ಲ. ಪಂಚಾಂಗದವರು ಅದಕ್ಕೆ ಅಧಿಕ ತಿಂಗಳನ್ನೂ ದಿನವನ್ನೂ ಸೇರಿಸುತ್ತ ಹೋಗುತ್ತಾರೆ, ಮೊದಲ ಮೋಡ ಕಂಡ ದಿನ ನಿಲ್ಲಿಸುತ್ತಾರೆ. ಈ ವರ್ಷ ಇನ್ನೂ ಮೋಡ ಕಂಡಿಲ್ಲ. ನನ್ನ ಮಾತಿನ ಧಾಟಿ ನಿಮಗೆ ವಿಚಿತ್ರವಾಗಿ ಕಂಡರೆ ಅದನ್ನೂ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ದಿನಪತ್ರಿಕೆಗಳಿಂದ. ನಿಮ್ಮ ಕಸುಬಿನವರು ಗಾಜು ಒರೆಸಲೆಂದು ಕೂಡಿಟ್ಟಿದ್ದ ಪತ್ರಿಕೆಗಳ ಕಟ್ಟುಗಳು ನಮ್ಮ ಅಂಗಡಿಯ ಅಟ್ಟದ ಮೇಲೆ ಉಳಿದಿವೆ. ಹಾಗಾಗಿ ನನ್ನ ವಾಕ್ಯಗಳು ಅಪಘಾತದ ವರದಿಯ ಹಾಗೋ ಪುರಸಭೆಯ ಪ್ರಕಟಣೆಯ ಹಾಗೋ ಕೇಳಿಸಬಹುದು. ಬೇರೆ ಕನ್ನಡ ನನಗೆ ಬಾರದು.

ಇನ್ನು ಈ ಕಾಗದ ನಿಮಗೆ ತಲುಪುವ ಬಗೆ. ನಿಮ್ಮ ಕಾಲದ ಗಾಜಿಗೆ ಒಳಮೈಯಿಂದ ಏನನ್ನಾದರೂ ಅಂಟಿಸಿದರೆ ಅದು ಹೊರಗೆ ನಿಂತವರಿಗೆ, ಅಂದರೆ ನಿಮಗೆ, ಕಾಣುತ್ತದೆ ಎಂಬ ನಂಬಿಕೆ ನಮ್ಮ ಕಸುಬಿನವರಲ್ಲಿದೆ. ನಾನು ಇದನ್ನು ಪರೀಕ್ಷಿಸಿಲ್ಲ, ಪರೀಕ್ಷಿಸುವ ದಾರಿಯೂ ಇಲ್ಲ. ನಮ್ಮಲ್ಲಿ ಅಂಥ ಹಳೆಯ ಮುಂಗಾಜು ಒಂದಿದೆ. ಇದನ್ನು ತೆಳುವಾದ ಪೊರೆಯ ಮೇಲೆ ಬರೆದು, ಅಂಟವಾಳದ ನೀರು ಚಿಮುಕಿಸಿ, ಅದರ ಒಳಮೈಗೆ ಕೂರಿಸುತ್ತೇನೆ. ಒಂದು ಮುಂಜಾನೆ ನೀವು ಶಟರ್ ಎತ್ತಿ ಯಾವುದೋ ಕಾರಿನ ಗಾಜು ಒರೆಸುವಾಗ ನೀರಿನ ಹನಿಗಳ ನಡುವೆ ಅಕ್ಷರಗಳು ಕಂಡರೆ ಅವು ಇವೇ. ತಿರುಗುಮುರುಗಾಗಿ ಕಂಡರೆ ಕಾರಿನ ಒಳಗೆ ಕೂತು ಓದಿ.

ಊರು ಇನ್ನೂ ಹುಬ್ಬಳ್ಳಿಯೇ. ಉಣಕಲ್ ಕೆರೆ ಇದೆ, ಅದರ ಮೇಲೆಯೂ ಪೊರೆ ಇದೆ. ನೀವು ಫಿಲ್ಮ್ ಎನ್ನುವುದನ್ನೇ ನಾವು ಪೊರೆ ಎನ್ನುತ್ತೇವೆ. ನಿಮ್ಮದು ಸುರುಳಿಯಾಗಿ ಡಬ್ಬಿಯಲ್ಲಿ ಬರುತ್ತಿತ್ತಂತೆ, ನಮ್ಮದನ್ನು ಜೋಳದ ಗಂಜಿಯಿಂದ ನಾವೇ ಎಳೆಯುತ್ತೇವೆ. ತಿಂಡಿಯ ಹೊತ್ತಿನಿಂದ ಸಂಜೆಯ ಚಹಾದವರೆಗಿನ ಬೆಳಕಿಗೆ ಇಲ್ಲಿ ಬೆಳ್ಪು ಎಂದು ಹೆಸರು. ಬೆಳ್ಪಿನಲ್ಲಿ ಬರಿಯ ಆಕಾಶದ ಕೆಳಗೆ ಯಾರೂ ನಿಲ್ಲುವುದಿಲ್ಲ. ಆದ್ದರಿಂದ ಬೀದಿಗಳ ಮೇಲೆ ಮನೆಯಿಂದ ಮನೆಗೆ ಪೊರೆ ಕಟ್ಟಿದ್ದೇವೆ, ಅದಕ್ಕೇ ತೆರೆಬೀದಿ ಎಂಬ ಹೆಸರು. ಒಂದೊಂದು ಬೀದಿಯ ಬೆಳಕು ಒಂದೊಂದು ತರಹ. ದುರ್ಗದಬೈಲಿನಲ್ಲಿ ಮೊಸರುಪೊರೆ ಇದೆ, ಬೆಳಕು ಮಜ್ಜಿಗೆಯ ಹಾಗೆ ಇಳಿಯುತ್ತದೆ, ಅಲ್ಲಿ ಮಾರುವ ಮಲ್ಲಿಗೆ ಮೊಗ್ಗಿಗೆ ನೆರಳೇ ಬೀಳುವುದಿಲ್ಲ. ಹಳೇ ಹುಬ್ಬಳ್ಳಿಯವರು ಸಂಜೆಪೊರೆ ಹಾಕಿಸಿಕೊಂಡಿದ್ದಾರೆ. ಅಲ್ಲಿ ದಿನವಿಡೀ ದೀಪ ಹಚ್ಚುವ ಮುಂಚಿನ ಹೊತ್ತು. ಆ ಕಡೆಯ ಜನ ಮೆಲ್ಲಗೆ ಮಾತಾಡುತ್ತಾರೆ, ಕೋಳಿಗಳು ಯಾವಾಗ ಕೂಗಬೇಕೆಂದು ತಿಳಿಯದೆ ಕೂಗುವುದನ್ನೇ ಬಿಟ್ಟಿವೆ. ನಮ್ಮ ಗಬ್ಬೂರಿನದು ನೀರುಪೊರೆ. ಗಾಳಿ ಬಂದಾಗ ನೆಲದ ಮೇಲೆ ಬೆಳಕು ಅಲೆಯಾಡುತ್ತದೆ, ಎಳೆಯ ಮಕ್ಕಳು ಅದನ್ನು ಹಿಡಿಯಲು ಅಂಬೆಗಾಲಿಡುತ್ತವೆ. ಬೀದಿಯ ಕೊನೆಯ ಗೋಡೆಯ ಮೇಲೆ ಪ್ರತಿದಿನ ಪತ್ರಿಕೆ ಮೂಡುತ್ತದೆ. ಮೊದಲ ಸುದ್ದಿ ಯಾವಾಗಲೂ ನೆರಳಿನದು: ಎಲ್ಲಿ ಪೊರೆ ಹರಿದಿದೆ, ಎಲ್ಲಿ ಬೆಸುಗೆ ನಡೆದಿದೆ, ನಾಳೆ ಬೆಳ್ಪು ಯಾವಾಗ ಇಳಿಯುತ್ತದೆ. ರಾಜಕೀಯ ಅದರ ಕೆಳಗೆ, ಮೊಣಕಾಲಿನ ಎತ್ತರದಲ್ಲಿ ಬರುತ್ತದೆ. ಬಗ್ಗಿ ಓದುವವರು ಕಡಿಮೆ.

ಕಾರುಗಳು ಈಗಿಲ್ಲ. ನೆರಳುಗಾಡಿಗಳಿವೆ. ಅಗಲವಾದ ಸೂರು, ನಾಲ್ಕೂ ಕಡೆ ಗಾಜು, ಎತ್ತಿನ ನಡಿಗೆಯಷ್ಟು ವೇಗ. ಅವು ಸಾಲಾಗಿ ಚಲಿಸುವಾಗ ನಡೆದು ಹೋಗುವವರೂ ಅವುಗಳ ನೆರಳಿನಲ್ಲಿ ಜೊತೆಗೆ ಸಾಗುತ್ತಾರೆ. ನಿಮ್ಮ ಕಾಲದಲ್ಲಿ ಗಾಜು ತೀರ ಕಪ್ಪಾಗಿದ್ದರೆ ಪೊಲೀಸರು ತಡೆದು, ಒಳಗೆ ಎಷ್ಟು ಬೆಳಕು ಹೋಗುತ್ತದೆಂದು ಅಳೆದು, ದಂಡ ಹಾಕುತ್ತಿದ್ದರೆಂದು ಪತ್ರಿಕೆಗಳಲ್ಲಿ ಓದಿದ್ದೇನೆ. ಇಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನೆರಳು ಹೆಚ್ಚಾಯಿತೆಂದು ದಂಡ ಕಟ್ಟಿದ ಜನ ಇದ್ದರೇ ಎಂದು ನಗುತ್ತಾರೆ.

ನನ್ನ ಹೆಸರು ಸಾವಂತ್ರೆವ್ವ ಪೊರೆಗಾರ. ಬಣಗಾರ, ಪತ್ತಾರ, ಗಾಣಿಗೇರ ಎಂಬ ಅಡ್ಡಹೆಸರುಗಳ ಸಾಲಿಗೆ ನಿಮ್ಮ ಕಸುಬೂ ಸೇರಿದೆಯೆಂದು ತಿಳಿದರೆ ನಿಮಗೆ ಸಂತೋಷವಾಗಬಹುದು. ನಿಮ್ಮ ಇನ್ನೊಂದು ಮಾತೂ ಉಳಿದಿದೆ. ಟಿಂಟ್ ಹಾಕಿದ ಮೇಲೆ ಅಂಟು ಒಣಗುವವರೆಗೆ ಗಾಜು ಇಳಿಸಬೇಡಿ ಎಂದು ನೀವು ಗಿರಾಕಿಗಳಿಗೆ ಹೇಳುತ್ತಿದ್ದಿರಿ, ಮರೆಯಬಾರದೆಂದು ಗಾಜು ಇಳಿಸುವ ಗುಂಡಿಯ ಮೇಲೆ ಪಟ್ಟಿ ಹಚ್ಚುತ್ತಿದ್ದಿರಿ. ಈಗ ಅದು ಆಶೀರ್ವಾದ. ಮದುವೆಯಾದವರಿಗೆ, ಬಾಣಂತಿಗೆ, ಹೊಸ ಅಂಗಡಿ ಇಟ್ಟವರಿಗೆ ಹಿರಿಯರು ತಲೆ ಮುಟ್ಟಿ, "ಗಾಜು ಇಳಸಬ್ಯಾಡ್ರಿ" ಎನ್ನುತ್ತಾರೆ. ಕೂಡಿದ್ದು ಕೂಡಿಕೊಳ್ಳಲಿ, ಆತುರ ಬೇಡ ಎಂದು ಅದರ ಅರ್ಥ. ಹೇಳುವವರಲ್ಲಿ ಹೆಚ್ಚಿನವರಿಗೆ ಇಳಿಯುವ ಗಾಜನ್ನು ಕಂಡೇ ಗೊತ್ತಿಲ್ಲ.

ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು ಇಮಾಂಬಿ. ಪೊರೆ ಕೂರಿಸುವುದು ಅವಳು, ಕತ್ತರಿಸುವುದು ಮತ್ತು ಗಿರಾಕಿಗಳೊಡನೆ ಮಾತಾಡುವುದು ನಾನು. ಅವಳನ್ನು ಮಾತಿಗೆ ಬಿಟ್ಟರೆ ಗಿರಾಕಿ ಉಳಿಯುವುದಿಲ್ಲ. ಪೊರೆಯ ಕೆಳಗೆ ಉಳಿದದ್ದು ಪೊರೆ ಇರುವವರೆಗೆ ಉಳಿಯುತ್ತದೆ ಎಂಬುದು ನಿಮ್ಮ ಕಾಲದ ನಿಯಮವೂ ಆಗಿರಬೇಕು. ಇಮಾಂಬಿ ಅದನ್ನು ನಮಾಜಿನಷ್ಟೇ ನಿಷ್ಠೆಯಿಂದ ಪಾಲಿಸುತ್ತಾಳೆ. ಒಂದು ಕೂದಲು, ಒಂದು ಧೂಳಿನ ಕಣ ಒಳಗೆ ಸಿಕ್ಕಿದರೂ ಇಡೀ ಹಾಳೆ ಕಿತ್ತು ಮತ್ತೆ ಹಾಕುತ್ತಾಳೆ.

ಈ ಪೀಠಿಕೆಯೆಲ್ಲ ಫಕೀರವ್ವ ಕುಬಸದ ಎಂಬ ಮುದುಕಿಯ ಸುದ್ದಿಗಾಗಿ. ಆಕೆ ಮೊದಲ ಅಧಿಕ ಚೈತ್ರ ಮುಗಿಯುವ ಹೊತ್ತಿಗೆ ನಮ್ಮ ಅಂಗಡಿಗೆ ಬಂದಳು. ನೆರಳುಗಾಡಿಯಲ್ಲಿ ಕೌದಿ ಸುತ್ತಿದ ಅಗಲವಾದ ವಸ್ತುವೊಂದಿತ್ತು. ಇಬ್ಬರು ಮೊಮ್ಮಕ್ಕಳು ಅದನ್ನು ಹೊತ್ತು ತಂದರು, ಆಕೆ ಹಿಂದಿನಿಂದ ಕೋಲು ಬೀಸುತ್ತ ಬಂದಳು.

"ಹಗೂರ ಇಳಸ್ರಲೇ! ಒಳಗ ನಮ್ಮ ಹಿರೀಕರು ಅದಾರ."

ಇಮಾಂಬಿ ಬಾಗಿಲಿಗೆ ಬಂದು ನೋಡಿದಳು. "ಹಿರೀಕರು ಬಂದಾರಂದ್ರ ಅವ್ರಿಗೂ ಒಂದು ಚಾ ಹೇಳ್ಲೇನ್ ಯವ್ವಾ?"

"ಮೊದ್ಲ ನಿನ್ನ ನಾಲಿಗಿಗೆ ಒಂದು ಪೊರಿ ಹಾಕ್ಕೊ. ಆಮ್ಯಾಲ ಚಾ ತರಸು, ಸಕ್ಕರಿ ಜಾಸ್ತಿ ಇರ್ಲಿ."

ಹೀಗೆ ಅವರಿಬ್ಬರಿಗೂ ಗೆಳೆತನವಾಯಿತು.

ಕೌದಿ ಬಿಚ್ಚಿದಾಗ ಕಂಡದ್ದು ಒಂದು ಕಾರಿನ ಬಾನೆಟ್ಟು. ಕಾರಿನ ಉಳಿದ ಭಾಗ ಯಾವಾಗ ಹೋಯಿತೋ ಯಾರಿಗೂ ನೆನಪಿಲ್ಲ, ಬಾನೆಟ್ಟನ್ನು ಮಾತ್ರ ಆ ಮನೆಯವರು ದೇವರ ಕೋಣೆಯ ಗೋಡೆಗೆ ಒರಗಿಸಿ ಇಟ್ಟುಕೊಂಡು ಬಂದಿದ್ದಾರೆ. ಬಣ್ಣ ಬಿಳಿ ಎಂದರು. ನನಗೆ ಬಿಳಿ ಕಾಣಲಿಲ್ಲ. ಹಳೆಯ ಪೊರೆ ಮುಪ್ಪಾದಾಗ ಅದನ್ನು ಕೀಳಲು ಹೆದರಿ ಅದರ ಮೇಲೆಯೇ ಹೊಸದನ್ನು ಹಾಕಿಸಿದ್ದರು. ಅದೂ ಮುಪ್ಪಾದಾಗ ಅದರ ಮೇಲೆ ಮತ್ತೊಂದು. ತಲೆಮಾರಿಗೊಂದು ಪದರ. ಎಲ್ಲವೂ ಸೇರಿ ಕಾಯಿಸಿಟ್ಟ ಹಾಲಿನ ಕೆನೆಯ ಹಾಗೆ ದಪ್ಪವಾಗಿ ಮಬ್ಬಾಗಿತ್ತು. ಫಕೀರವ್ವ ಎಡಗಡೆಯ ಅಂಚಿನ ಹತ್ತಿರ ಒಂದು ಜಾಗದ ಮೇಲೆ ಬೆರಳಿಟ್ಟಳು.

"ಇಲ್ಲಿ ಒಂದು ಕೈ ಐತಿ. ನಾ ಸಣ್ಣಾಕಿದ್ದಾಗ ಚಲೋ ಕಾಣತಿತ್ತು. ನಮ್ಮವ್ವ ನೋಡ್ಯಾಳ, ನಾ ನೋಡೀನಿ. ನನ್ನ ಮಗಳು ಅರ್ಧಾ ನೋಡ್ಯಾಳ. ಇವ್ರು," ಎಂದು ಮೊಮ್ಮಕ್ಕಳ ಕಡೆ ಕೋಲು ತೋರಿಸಿ, "ಇವ್ರು ನನ್ನ ಮಾತು ನಂಬ್ಯಾರ, ಅಷ್ಟ."

ಮುಂದಿನದನ್ನು ಆಕೆ ಚಹಾ ಕುಡಿಯುತ್ತ ಹೇಳಿದಳು. ನಿಮಗೆ ಇದು ಇನ್ನೂ ನಡೆಯಬೇಕಾದ ಸಂಗತಿಯಿರಬಹುದು, ಆದರೂ ನಮ್ಮವರೆಗೆ ಬಂದ ಹಾಗೆ ಬರೆಯುತ್ತೇನೆ. ಕುಬಸದ ಮನೆಯವರು ಬಿಳಿ ಕಾರು ಕೊಂಡರು. ಶೋರೂಮಿನಿಂದ ಗುಡಿಗೆ ಹೋಗಿ ಪೂಜೆ ಮಾಡಿಸಿದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಬಾನೆಟ್ಟಿಗೆ ಎಣ್ಣೆಯಲ್ಲಿ ಕಲೆಸಿದ ಅರಿಶಿನ ಕುಂಕುಮ ಹಚ್ಚಿದರು. ಮನೆಯ ಸಣ್ಣ ಹುಡುಗಿ ಶಿವಲೀಲಾ ಅರಿಶಿನದ ಬಟ್ಟಲಿನಲ್ಲಿ ಕೈ ಅದ್ದಿ ಎಲ್ಲರಿಗಿಂತ ಮೊದಲೇ ಬಾನೆಟ್ಟಿನ ಮೇಲೆ ಒತ್ತಿದಳು. ಅಲ್ಲಿಂದ ನೇರ ನಿಮ್ಮ ಅಂಗಡಿಗೆ ಬಂದರು, ಹೊಸ ಬಣ್ಣಕ್ಕೆ ಗೀರು ಬೀಳುವ ಮೊದಲೇ ಪೊರೆ ಹಾಕಿಸಬೇಕೆಂದು. ನೀವು ಒರೆಸಿದಿರಿ. ಕುಂಕುಮ ಹೋಯಿತು. ಅಷ್ಟರಲ್ಲಿ ಕರೆಂಟು ಹೋಯಿತು, ಹಳದಿ ಬೆಳಕಿನ ದೀಪ ಹಚ್ಚಿ ಕೆಲಸ ಮುಂದುವರಿಸಿದಿರಿ. ಹಳದಿ ದೀಪದ ಕೆಳಗೆ ಬಿಳಿಯ ಮೇಲಿನ ಹಳದಿ ಕಾಣುವುದಿಲ್ಲ. ಮುಂಜಾನೆಯ ಬೆಳಕಿನಲ್ಲಿ ನೋಡಿದರೆ ಪೊರೆಯ ಕೆಳಗೆ ಪುಟ್ಟ ಕೈ.

"ಟಿಂಟಿನವ್ರು ಕೀಳಾಕ ಅಂತ ಕೈ ಹಾಕಿದ್ರಂತ," ಎಂದಳು ಫಕೀರವ್ವ. "ಆಮ್ಯಾಲ ಬಿಟ್ರಂತ. ಯಾಕ ಬಿಟ್ರೋ ಯಾರಿಗೂ ಗೊತ್ತಿಲ್ಲ. ಮನ್ಯಾಗ ಮೊದ್ಲ ಎಲ್ಲಾರೂ ಬೈದಾರ, ರೊಕ್ಕ ತಗೊಂಡು ಹೊಲಸ ಕೆಲಸಾ ಮಾಡ್ಯಾರ ಅಂತ. ಆಮ್ಯಾಲ ಶಿವಲೀಲಾನ ಮಗಳ ಹೆಸರಿಡೂ ದಿನಾ ಕೂಸು ಒಂದ ಸಮನ ಅಳಾಕತ್ತಿತ್ತು. ಹೊರಗ ಕಾರಿನ ಹತ್ರ ಒಯ್ದು ಅದರ ಕೈ ಈ ಕೈ ಮ್ಯಾಲ ಇಟ್ಟಾಳ. ಗಪ್ ಆತು. ಅವತ್ತಿಂದ ನಮ್ಮ ಮನ್ಯಾಗ ಈ ಕೈ ಮುಟ್ಟಸಲಾರದ ಯಾವ ಕೂಸಿಗೂ ಹೆಸರ ಇಟ್ಟಿಲ್ಲ."

ಮೊಮ್ಮಗಳಿಗೆ ಹೆಣ್ಣು ಹುಟ್ಟಿತ್ತು. ನಾಮಕರಣ ಹತ್ತಿರ ಬಂದಿತ್ತು. ಮಬ್ಬಾದ ಪೊರೆಯ ಮೇಲೆ ಅಂದಾಜಿನಿಂದ ಕೈ ಇಡಿಸಿ ಹೆಸರು ಕೂಗಲು ಫಕೀರವ್ವ ಒಪ್ಪಲಿಲ್ಲ. ಕೈಯನ್ನು ಪೂರ್ತಿ ಕಂಡವಳು ಆಕೆಯೊಬ್ಬಳೇ ಉಳಿದಿದ್ದಳು. ಆಕೆಯ ನಂತರ ಅದು ಬರೀ ಕಥೆಯಾಗುತ್ತಿತ್ತು. ಹಳೆಯದನ್ನೆಲ್ಲ ಬಿಡಿಸಿ, ಕೈಯನ್ನು ಉಳಿಸಿ, ಅದರ ಮೇಲೆ ತಿಳಿಯಾದ ಹೊಸ ಪೊರೆ ಹಾಕಬೇಕು ಎಂಬುದು ಆಕೆ ಕೇಳಿದ ಕೆಲಸ.

ಇಮಾಂಬಿ ಬಾನೆಟ್ಟಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದಳು. ಮೇಲಿನ ಪದರಗಳು ಬರುತ್ತವೆ, ತಳದ್ದು ಹೇಗೆ ಬರುತ್ತದೋ ಹೇಳಲಾಗದು ಎಂದಳು. ನಾನು ಅದನ್ನೇ ಮೆತ್ತಗೆ ಮಾಡಿ ಫಕೀರವ್ವನಿಗೆ ಹೇಳಿದೆ.

"ಕೈ ಹೋದ್ರ?" ಎಂದು ಆಕೆ ಕೇಳಿದಳು.

"ಹೋದ್ರ ನನ್ನ ಕೈ ಕಡಕೊಂಡು ಹೋಗವಾ," ಎಂದಳು ಇಮಾಂಬಿ.

"ನಿನ್ನ ಕೈ ತಗೊಂಡು ಏನ್ಮಾಡ್ಲಿ? ಗ್ವಾಡಿಗೆ ಒರಗಿಸಿದ್ರ ಅದೂ ಬಾಯಿ ಮಾಡತೈತಿ."

ಮರುದಿನ ಬೆಳ್ಪು ಏರುವ ಮುಂಚೆ ಕೆಲಸಕ್ಕೆ ಕುಳಿತೆವು. ಬಿಸಿಗಾಳಿಯ ಯಂತ್ರ ಇಂಥ ಹಳೆಯದಕ್ಕೆ ತೀರ ಒರಟು. ಕಾಯಿಸಿದ ಅಂಟವಾಳದ ನೀರಿನಲ್ಲಿ ಬಟ್ಟೆ ಅದ್ದಿ ಅಂಚಿನ ಮೇಲೆ ಇಟ್ಟು, ಅದು ಆರುವ ಮೊದಲು ಇನ್ನೊಂದು ಇಟ್ಟು, ಅಂಟು ನಿದ್ದೆ ಹೋಗುವವರೆಗೆ ಕಾದೆವು. ನಿದ್ದೆ ಹೋಗುವುದು ಎಂಬುದು ನಮ್ಮ ಕಸುಬಿನ ಮಾತು. ಅಂಟು ಹಿಡಿತ ಬಿಡುವ ಹದ. ಆಮೇಲೆ ಇಮಾಂಬಿ ಒಂದೊಂದೇ ಪದರವನ್ನು ಬಾಳೆಯ ಸುಳಿ ಬಿಡಿಸಿದ ಹಾಗೆ ಬಿಡಿಸಿದಳು. ಒಂದೊಂದೂ ಒಬ್ಬೊಬ್ಬ ಪೊರೆಗಾರನದು. ಒಬ್ಬರು ಮೂಲೆಯನ್ನು ದುಂಡಗೆ ಕತ್ತರಿಸಿದ್ದರು, ಇನ್ನೊಬ್ಬರು ಚೂಪಾಗಿ. ಒಂದರ ಕೆಳಗೆ ಉದ್ದನೆಯ ಬಿಳಿಯ ಕೂದಲು ಸಿಕ್ಕಿತ್ತು. ಇನ್ನೊಂದರ ಕೆಳಗೆ ಸಣ್ಣ ನೊಣ, ಈಗ ತಾನೇ ಕೂತ ಹಾಗೆ. ಇಮಾಂಬಿ ಸತ್ತುಹೋದ ಆ ಎಲ್ಲರನ್ನೂ ಹೆಸರಿಲ್ಲದೆ ಬೈದಳು. "ಈಕಿ ಯಾರೋ ಕೂದಲ ಕಟ್ಟಲಾರದ ಕುಂತಾಳ ನೋಡಕ್ಕ. ಈತ ಮಧ್ಯಾಹ್ನ ಉಂಡು ತೂಕಡಸ್ಯಾನ." ಬೈಗುಳದಲ್ಲಿ ಸಿಟ್ಟಿರಲಿಲ್ಲ. ಒಂದೊಂದು ಪದರ ಹೋದ ಹಾಗೂ ಬಾನೆಟ್ಟು ಬೆಳ್ಳಗಾಗುತ್ತ ಬಂತು, ಮಂಜು ಸರಿದು ಊರು ಕಾಣುವ ಹಾಗೆ. ಕಟ್ಟಕಡೆಯದಾಗಿ ನಿಮ್ಮ ಪದರ ಉಳಿಯಿತು. ಅದರ ಅಡಿಯಲ್ಲಿ ಕೈ ಇತ್ತು.

ಅದನ್ನು ವರ್ಣಿಸಲು ನನಗೆ ಬಾರದು, ಕಂಡಷ್ಟನ್ನು ಹೇಳುತ್ತೇನೆ. ಐದೂ ಬೆರಳು ಅಗಲವಾಗಿ ತೆರೆದಿದ್ದವು. ಹೆಬ್ಬೆರಳ ಬುಡದಲ್ಲಿ ಅರಿಶಿನ ದಪ್ಪವಾಗಿ ಕೂತಿತ್ತು. ಕಿರುಬೆರಳು ಸ್ವಲ್ಪ ಜಾರಿತ್ತು, ಬಹುಶಃ ಯಾರೋ ಆ ಹೊತ್ತಿಗೆ ಹುಡುಗಿಯನ್ನು ಹಿಂದಕ್ಕೆ ಎಳೆದಿರಬೇಕು. ಅರಿಶಿನದ ಕಲೆ ಬಿಸಿಲಿಗೆ ಹಾಕಿದರೆ ಹೋಗುತ್ತದೆಂದು ಎಲ್ಲರ ಮನೆಯಲ್ಲೂ ಗೊತ್ತು. ಬಿಸಿಲನ್ನು ತಡೆಯುವುದೇ ಕೆಲಸವಾಗಿರುವ ನಿಮ್ಮ ಪೊರೆಯ ಕೆಳಗೆ, ಅದರ ಮೇಲಿನ ಇತರರ ಪೊರೆಗಳ ಕೆಳಗೆ, ಅದು ಪೂಜೆಯ ದಿನ ಇದ್ದ ಹಾಗೇ ಉಳಿದಿತ್ತು.

ಮೊಮ್ಮಕ್ಕಳು ಬಗ್ಗಿ ನೋಡಿದರು, ಒಬ್ಬ ತನ್ನ ಕೈಯನ್ನು ತಾನೇ ನೋಡಿಕೊಂಡ.

ನಿಮ್ಮ ಪದರ ಸಾವಿರ ಸಣ್ಣ ಬಿರುಕು ಬಿಟ್ಟಿತ್ತು, ಹೊಸ ಪೊರೆ ಅದರ ಮೇಲೆ ಕೂರುತ್ತಿರಲಿಲ್ಲ. ತೆಗೆಯಲೇಬೇಕಿತ್ತು. ಬಟ್ಟೆ ಬೆಚ್ಚಗೆ ಮಾಡಿ ಇಟ್ಟೆವು, ಕಾದೆವು, ಮತ್ತೆ ಇಟ್ಟೆವು. ಇಮಾಂಬಿ ಕೈಯಿಲ್ಲದ ಬದಿಯಿಂದ ಆರಂಭಿಸಿದಳು. ಅಂಟು ಸದ್ದಿಲ್ಲದೆ ಬಿಟ್ಟುಕೊಡುತ್ತ ಬಂತು. ಕೈಯ ಹತ್ತಿರ ಬಂದಾಗ ಉಸಿರು ಹಿಡಿದು ಒಂದೇ ಎಳೆತದಲ್ಲಿ ಎತ್ತಿದಳು. ಬಾನೆಟ್ಟಿನ ಮೇಲೆ ಏನೂ ಇರಲಿಲ್ಲ. ಅಪ್ಪಟ ಬಿಳಿ.

ಇಮಾಂಬಿ ಹಾಳೆ ಹಿಡಿದು ನಿಂತೇ ಇದ್ದಳು. ಮೊದಲು ಮಾತಾಡಿದ್ದು ಫಕೀರವ್ವ.

"ಮ್ಯಾಲ ಹಿಡಿ ಅದನ್ನ. ಬೆಳಕಿಗೆ ಹಿಡಿ."

ಇಮಾಂಬಿ ಎರಡೂ ಕೈಯಿಂದ ಹಾಳೆಯನ್ನು ಎತ್ತಿದಳು. ನೀರು ಕುಡಿದ ಬಿರುಕುಗಳು ಮುಚ್ಚಿಕೊಂಡು ಹಾಳೆ ಕಣ್ಣಿಗೆ ಕಾಣದಷ್ಟು ತಿಳಿಯಾಗಿತ್ತು. ಕೈ ಗಾಳಿಯಲ್ಲಿ ನಿಂತಿತ್ತು. ಅರಿಶಿನ ಕಾರಿನ ಬಣ್ಣವನ್ನು ಬಿಟ್ಟು ಪೊರೆಯ ಅಂಟಿಗೆ ಹತ್ತಿಕೊಂಡಿತ್ತು. ನೀರುಪೊರೆಯ ಬೆಳಕು ಹಿಂದಿನಿಂದ ಅಲೆಯಾಡಿದಾಗ ಆ ಪುಟ್ಟ ಕೈ ನಮ್ಮನ್ನು ಕರೆದ ಹಾಗೆ, ಅಥವಾ ಬೀಳ್ಕೊಟ್ಟ ಹಾಗೆ ಆಡಿತು.

ಅದನ್ನು ಮತ್ತೆ ಬಾನೆಟ್ಟಿನ ಮೇಲೆ ಕೂರಿಸುವಂತಿರಲಿಲ್ಲ. ಮುಪ್ಪಾದ ನಿಮ್ಮ ಪೊರೆಯಲ್ಲಿ ಬಿಸಿಲು ತಡೆಯುವ ಶಕ್ತಿಯೂ ಉಳಿದಿರಲಿಲ್ಲ. ಇದ್ದದ್ದು ಎರಡು ದಾರಿ, ನಾನು ಎರಡನ್ನೂ ಫಕೀರವ್ವನ ಮುಂದಿಟ್ಟೆ. ಎರಡು ಕಗ್ಗತ್ತಲೆಯ ಪೊರೆಗಳ ನಡುವೆ ಮುಚ್ಚಿಟ್ಟರೆ ಕೈ ಇನ್ನೂ ಎಷ್ಟೋ ತಲೆಮಾರು ಉಳಿಯುತ್ತದೆ, ಆದರೆ ಯಾರೂ ನೋಡಲಾಗದು. ಗಾಜಿನ ಮೇಲೆ ಹಾಕಿದರೆ ಎಲ್ಲರೂ ನೋಡಬಹುದು, ಆದರೆ ಬೆಳಕು ಬಹಳ ಹೊತ್ತು ಬಿಡುವುದಿಲ್ಲ.

ಆಕೆ ಚಹಾದ ಲೋಟ ಕೆಳಗಿಟ್ಟಳು. "ಮುಚ್ಚಿಡಾಕ ಅದೇನ್ ಉಪ್ಪಿನಕಾಯಿ ಏನು?" ಎಂದಳು. ನಂತರ ಬಹಳ ಮೆಲ್ಲಗೆ, "ನನ್ನ ಕೂಸಿಗೆ ಅದು ಮುಟ್ಟಬೇಕು. ಹೆಸರಿಡೂ ಹೊತ್ತಿಗೆ ಇದ್ರ ಸಾಕು."

ನಾಮಕರಣದ ದಿನ ನಾವಿಬ್ಬರೂ ಅವರ ಮನೆಗೆ ಹೋದೆವು. ತೊಟ್ಟಿಲ ಮೇಲಿನ ಸೂರಿನಲ್ಲಿ ಒಂದು ಬೆಳಕುಗಿಂಡಿ ಇದೆ. ಇಮಾಂಬಿ ಏಣಿ ಹತ್ತಿ ಆ ಗಾಜಿಗೆ ಒಳಗಿನಿಂದ ನಿಮ್ಮ ಹಾಳೆಯನ್ನು ಕೂರಿಸಿದಳು. ಮೇಲಿನ ಬೀದಿಪೊರೆಯನ್ನು ಆ ಒಂದು ಮನೆಯ ಮಟ್ಟಿಗೆ ಸರಿಸಲು ನೆರೆಯವರೆಲ್ಲ ಒಪ್ಪಿದ್ದರು. ಬರಿಯ ಬೆಳ್ಪು ಯಾವ ಮನೆಯೊಳಗೂ ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಹೆಂಗಸರು ಸೆರಗು ಮುಂದಕ್ಕೆ ಎಳೆದುಕೊಂಡರು. ತೆರೆ ಸರಿದಾಗ ಬೆಳಕು ಕಂಬದ ಹಾಗೆ ನೇರ ಇಳಿಯಿತು, ಆ ಕಂಬದ ತುದಿಯಲ್ಲಿ, ಕೂಸಿನ ಎದೆಯ ಮೇಲೆ, ಹಳದಿ ಬೆಳಕಿನ ಕೈ ಬಂದು ಕೂತಿತು. ಬಾನೆಟ್ಟಿನ ಮೇಲೆ ಇದ್ದುದಕ್ಕಿಂತ ದೊಡ್ಡದಾಗಿತ್ತು. ಕೂಸು ಅಳಲಿಲ್ಲ. ಅದನ್ನು ಹಿಡಿಯಲು ತನ್ನೆರಡು ಕೈಗಳನ್ನು ಎತ್ತಿತು, ಬೆಳಕು ಅದರ ಮುಷ್ಟಿಗಳ ಮೇಲೆ ಹರಿಯಿತು. ಫಕೀರವ್ವ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ಹೊನ್ನವ್ವ.

ಎಲ್ಲರೂ ಸರದಿಯಲ್ಲಿ ಬಂದು ಆ ಬೆಳಕಿನ ಕೆಳಗೆ ತಮ್ಮ ಅಂಗೈ ಹಿಡಿದರು. ಮೊಮ್ಮಕ್ಕಳು, ಬೀಗರು, ತೆರೆ ಸರಿಸಿದವರು, ಆಮೇಲೆ ನಾನು. ನಿಮ್ಮ ಅಂಗಡಿಯ ಒಂದು ಸಂಜೆ ನನ್ನ ಅಂಗೈಯಲ್ಲಿ ಇತ್ತು. ಬೆಚ್ಚಗಿತ್ತು. ಹೊತ್ತು ಏರಿದ ಹಾಗೆ ಹಳದಿ ತೆಳುವಾಗುತ್ತ ಬಂದು, ಮೊದಲು ಬೆರಳುಗಳು ಹೋದವು, ಹೆಬ್ಬೆರಳ ಬುಡ ಕಡೆಯವರೆಗೂ ನಿಂತಿತು. ಸಂಜೆಯ ಚಹಾಕ್ಕೆ ನೀರಿಡುವಾಗ ತೊಟ್ಟಿಲಲ್ಲಿ ಬರೀ ಬಿಳಿ ಬೆಳಕಿತ್ತು. ತೆರೆ ಮುಚ್ಚಿದರು.

ಫಕೀರವ್ವ ಅತ್ತರೂ ಸರಿಯೆಂದು ನಾನು ಪಕ್ಕಕ್ಕೆ ಸರಿದು ನಿಂತಿದ್ದೆ. ಆಕೆ ಅಳಲಿಲ್ಲ. ಬಾನೆಟ್ಟನ್ನು ಹೊರಗೆ ತರಲು ಹೇಳಿ, ಮಗಳಿಂದ ಅರಿಶಿನದ ಬಟ್ಟಲು ತರಿಸಿದಳು. ಅರಿಶಿನ ನಮ್ಮಲ್ಲಿ ದುರ್ಲಭ. ಪೊರೆಯ ಕೆಳಗೆ ಒಂದೆರಡು ಮಡಿ ಬೆಳೆಯುತ್ತಾರೆ ಅಷ್ಟೇ. ಎಣ್ಣೆಯಲ್ಲಿ ಕಲೆಸಿ, ಹೊನ್ನವ್ವನ ಕೈಯನ್ನು ಅದರಲ್ಲಿ ಅದ್ದಿ, ಬಿಳಿಯ ಮೇಲೆ ಅದೇ ಎಡ ಅಂಚಿನಲ್ಲಿ ಒತ್ತಿಸಿದಳು. ಕೂಸು ಮುಷ್ಟಿಯನ್ನು ಪೂರ್ತಿ ಬಿಚ್ಚಲಿಲ್ಲ. ಮೂಡಿದ್ದು ಮೂರು ಗೆಣ್ಣು, ಅರ್ಧ ಅಂಗೈ, ಒಂದಿಷ್ಟು ಗೀಚು.

"ಹಾಕು ಇದರ ಮ್ಯಾಲ," ಎಂದಳು ಇಮಾಂಬಿಗೆ.

"ಒರಸಲಾರದ?"

"ಒರಸಲಾರದ."

"ಯವ್ವಾ, ನಾ ಹಂಗ ಎಂದೂ ಹಾಕಿಲ್ಲ. ಇಡೀ ಹುಬ್ಬಳ್ಳಿ ನಗತೈತಿ."

"ನಗ್ಲಿ ತಗೊ. ಆ ಟಿಂಟಿನವ್ರಿಗೂ ನಕ್ಕಾರ."

ಇಮಾಂಬಿ ನನ್ನ ಮುಖ ನೋಡಿದಳು. ಆಮೇಲೆ ಕೈಯ ಸುತ್ತಲಿನ ಬಿಳಿಯನ್ನು ಒರೆಸಿ, ನೋಡಿ, ಮತ್ತೆ ಒರೆಸಿ, ಒಂದು ಕೂದಲೂ ಒಂದು ಕಣವೂ ಇಲ್ಲದ ಹಾಗೆ ಮಾಡಿ, ಆ ಅರಿಶಿನದ ಗೀಚಿನ ಮೇಲೆ ತನ್ನ ಜೀವಮಾನದ ಅತ್ಯುತ್ತಮ ಪೊರೆ ಕೂರಿಸಿದಳು. ಹೊರಡುವಾಗ ಫಕೀರವ್ವ ಅವಳ ತಲೆ ಮುಟ್ಟಿ ಗಾಜು ಇಳಸಬ್ಯಾಡ ಎಂದಳು. ಅಂಗಡಿಯ ಹತ್ತಿರ ಬಂದಾಗ ಇಮಾಂಬಿ ಕೇಳಿದಳು. "ಅಕ್ಕಾ, ಆ ಮುಂಜಾನೆ ಅವ್ರು ಯಾಕ ಕೀಳಲಿಲ್ಲ?"

ಅದನ್ನು ಯೋಚಿಸುತ್ತಲೇ ಈ ಕಾಗದ ಬರೆಯಲು ಕುಳಿತೆ. ಕುಬಸದ ಮನೆಯ ಕಥೆ ನಿಜವಾದರೆ ನಿಮ್ಮ ಮುಂದೆ ಅಂಥ ಮುಂಜಾನೆ ಒಂದಿದೆ. ನೀವು ಶಟರ್ ಎತ್ತುತ್ತೀರಿ. ಬೆಳಕು ಬಿಳಿ ಕಾರಿನ ಮೇಲೆ ಬೀಳುತ್ತದೆ. ಎಡ ಅಂಚಿನಲ್ಲಿ ಹಳದಿ ಕಾಣುತ್ತದೆ. ಹಾಳಾದ ಹಾಳೆ, ಗಿರಾಕಿಯ ಬೈಗುಳ, ಅಂಗಡಿಯ ಹೆಸರು, ಎಲ್ಲವೂ ಒಟ್ಟಿಗೆ ತಲೆಗೆ ಬರುತ್ತವೆ. ಬಿಸಿಗಾಳಿಯ ಯಂತ್ರ ಕೈಯಲ್ಲಿರುತ್ತದೆ. ಉಗುರು ಅಂಚಿನ ಕೆಳಗೆ ಹೋಗಿರುತ್ತದೆ. ಗಿರಾಕಿ ಇನ್ನೂ ಬಂದಿರುವುದಿಲ್ಲ, ಕಿತ್ತು ಮತ್ತೆ ಹಾಕಲು ಸಮಯವಿರುತ್ತದೆ. ನಿಮ್ಮ ಕಸುಬಿನ ಧರ್ಮವೂ ಅದೇ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಇಮಾಂಬಿಯಂತೂ ಆಗಲೇ ಕಿತ್ತಿರುತ್ತಿದ್ದಳು.

ಉಗುರು ಹಿಂದಕ್ಕೆ ತೆಗೆಯಿರಿ ಎಂಬುದೇ ನನ್ನ ಬೇಡಿಕೆ.

ಗಿರಾಕಿ ಬೈದರೆ ಬೈಸಿಕೊಳ್ಳಿ. ಮಿಕ್ಕ ಕಾರುಗಳನ್ನೆಲ್ಲ ಒರೆಸಿ, ನೋಡಿ, ಮತ್ತೆ ಒರೆಸಿ. ಇದೊಂದನ್ನು ಇದ್ದ ಹಾಗೇ ಬಿಡಿ. ಇಲ್ಲ, ಕಿತ್ತೇ ತೀರುತ್ತೇನೆ ಎಂದರೆ ನಾವು ತಡೆಯಲಾರೆವು. ಕೈ ಹೋದದ್ದು ನಮಗೆ ತಿಳಿಯುವುದೂ ಇಲ್ಲ, ಏಕೆಂದರೆ ಆಗ ಫಕೀರವ್ವ ಎಂದೂ ನಮ್ಮ ಅಂಗಡಿಗೆ ಬಂದಿರುವುದಿಲ್ಲ. ಆದರೆ ತೊಟ್ಟಿಲಲ್ಲಿ ಒಂದು ಕೂಸು ಎರಡೂ ಮುಷ್ಟಿ ಎತ್ತಿ ಕಾಯುತ್ತಿದೆ.

ಅಂಟು ಇನ್ನೂ ಹಸಿಯಾಗಿದೆ. ಒಣಗಲು ಬಿಡಿ.

ಸಾವಂತ್ರೆವ್ವ ಪೊರೆಗಾರ